ಒರೆಗೆ ನಿಲ್ಲುವ ಗುರುತು: ವ್ಯಾಪಾರಿ ಜಾಲತಾಣಗಳ ವಿಶ್ವಾಸಾರ್ಹತೆ ಕುರಿತು ಒಂದು ಸಂಶೋಧನಾ ಟಿಪ್ಪಣಿ

1. ಪ್ರಶ್ನೆ ಮತ್ತು ವಾದ

ಪೇಟೆಯ ಅಂಗಡಿಯಲ್ಲಿ ಕೊಳ್ಳುವವರ ಮುಂದೆ ಹಲವು ಪುರಾವೆಗಳು ತಾವಾಗಿಯೇ ಇರುತ್ತವೆ. ಅಂಗಡಿ ಅದೇ ಜಾಗದಲ್ಲಿ ವರ್ಷಗಳಿಂದ ನಿಂತಿದೆ, ಅಕ್ಕಪಕ್ಕದವರು ಮಾಲೀಕರನ್ನು ಬಲ್ಲರು, ಮಾಲನ್ನು ಕೈಯಲ್ಲಿ ಹಿಡಿದು ನೋಡಬಹುದು, ಕೆಟ್ಟಿದ್ದರೆ ಮರುದಿನ ಹೋಗಿ ಕೇಳಬಹುದು. ಜಾಲತಾಣದಲ್ಲಿ ಕೊಳ್ಳುವವರಿಗೆ ಇವು ಯಾವುವೂ ಇಲ್ಲ. ವ್ಯಾಪಾರಿ ಯಾರು, ಎಲ್ಲಿದ್ದಾರೆ, ಮಾಲು ಎಂಥದು ಎಂಬುದನ್ನೆಲ್ಲ ಆ ವ್ಯಾಪಾರಿಯೇ ಹಾಕಿದ ಮಾತು ಮತ್ತು ಚಿತ್ರಗಳಿಂದ ತಿಳಿಯಬೇಕು. ಬಹುಪಾಲು ಹಣ ಮೊದಲು ಹೋಗುತ್ತದೆ, ಮಾಲು ಆಮೇಲೆ ಬರುತ್ತದೆ. ಹೀಗಿರುವಾಗ ಪ್ರಾಮಾಣಿಕ ವ್ಯಾಪಾರಿ ತನ್ನ ಪ್ರಾಮಾಣಿಕತೆಯನ್ನು ಪರದೆಯ ಮೇಲೆ ತೋರಿಸಿಕೊಡುವುದು ಹೇಗೆ?

ಪ್ರಶ್ನೆಯ ಬೇರು ಇಂಟರ್ನೆಟ್ಟಿಗಿಂತ ಹಳೆಯದು. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಹಳೆಯ ಕಾರುಗಳ ಮಾರುಕಟ್ಟೆ ಕುರಿತ ಲೇಖನ ಇದನ್ನೇ ಬಿಡಿಸಿ ತೋರಿಸಿತು. ಒಳ್ಳೆಯ ಮಾಲಿನವರೂ ಕೆಟ್ಟ ಮಾಲಿನವರೂ ಒಂದೇ ಮಾತು ಆಡಿದರೆ ಕೊಳ್ಳುವವರು ಇಬ್ಬರಿಗೂ ನಡುವಿನ ಬೆಲೆಯನ್ನಷ್ಟೇ ಕೊಡುತ್ತಾರೆ. ಒಳ್ಳೆಯ ಮಾಲಿನವರಿಗೆ ಅದು ಗಿಟ್ಟುವುದಿಲ್ಲ, ಅವರು ಮಾರುಕಟ್ಟೆ ಬಿಡುತ್ತಾರೆ, ಕೊನೆಗೆ ಕೆಟ್ಟದ್ದೇ ಉಳಿಯುತ್ತದೆ. ಆ ಲೇಖನದಲ್ಲಿ ನಮ್ಮ ದೇಶದ ಉದಾಹರಣೆಯೂ ಇದೆ: ಇಲ್ಲಿನ ಗೃಹಿಣಿಯರು ಅಂಗಡಿಯಿಂದ ತಂದ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ, ಅಕ್ಕಿಯದೇ ಬಣ್ಣ ಆಕಾರದ ಕಲ್ಲುಗಳನ್ನು ಆರಿಸಬೇಕಾಗುತ್ತದೆ ಎಂಬ ಮಾತು. ಅಕರ್ಲಾಫ್ 1967-68ರಲ್ಲಿ ದೆಹಲಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಸಂದರ್ಶಕರಾಗಿದ್ದರು. 1973ರಲ್ಲಿ ಮೈಕೆಲ್ ಸ್ಪೆನ್ಸ್ ಈ ವಾದದ ಮರುಭಾಗವನ್ನು ಮುಂದಿಟ್ಟರು. ಒಂದು ಗುರುತು ಗುಣವನ್ನು ಸೂಚಿಸಬೇಕಾದರೆ ಅದನ್ನು ತೋರಿಸುವುದು ಯೋಗ್ಯರಿಗೆ ಸುಲಭವೂ ಅಯೋಗ್ಯರಿಗೆ ದುಬಾರಿಯೂ ಆಗಿರಬೇಕು. ಇಬ್ಬರಿಗೂ ಜೋಸೆಫ್ ಸ್ಟಿಗ್ಲಿಟ್ಸ್ ಅವರೊಂದಿಗೆ 2001ರಲ್ಲಿ ನೊಬೆಲ್ ಸ್ಮಾರಕ ಪ್ರಶಸ್ತಿ ಬಂತು.

ಈ ಟಿಪ್ಪಣಿಯ ವಾದ ಅಲ್ಲಿಂದಲೇ ಹೊರಡುತ್ತದೆ. ಜಾಲತಾಣದ ಮೇಲಿನ ಯಾವ ಗುರುತಿಗೂ ತಾನಾಗಿ ಬೆಲೆಯಿಲ್ಲ. ಓದುವವರು ಅದನ್ನು ಆ ತಾಣದಿಂದ ಹೊರಗೆ, ವ್ಯಾಪಾರಿಯ ಹಿಡಿತದಲ್ಲಿಲ್ಲದ ಒಂದು ದಾಖಲೆಯೊಂದಿಗೆ ಒರೆಗೆ ಹಚ್ಚಿ ನೋಡಲು ಸಾಧ್ಯವಾದಾಗ ಮಾತ್ರ ಅದು ಪುರಾವೆಯಾಗುತ್ತದೆ. ಭಾರತದಲ್ಲಿ ಅಂಥ ದಾಖಲೆಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಅವನ್ನು ಗ್ರಾಹಕರ ಕೈಗೆಟುಕುವಂತೆ ಇಡುವ ಅಭ್ಯಾಸದಲ್ಲಿ.

2. ಕಣ್ಣಿಗೆ ಕಾಣುವ ಗುರುತುಗಳ ಸೋಲು

ಜನ ಜಾಲತಾಣವನ್ನು ನಂಬುವುದು ಯಾವುದರಿಂದ ಎಂಬ ಬಗ್ಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಿ.ಜೆ. ಫಾಗ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಭಾಗವಹಿಸಿದವರು 2,684 ಮಂದಿ. ವಿಶ್ವಾಸಾರ್ಹತೆ ಕುರಿತು ಅವರು ಬರೆದ ಅಭಿಪ್ರಾಯಗಳಲ್ಲಿ ಶೇ. 46.1ರಷ್ಟು ತಾಣದ ನೋಟ, ವಿನ್ಯಾಸಗಳನ್ನು ಪ್ರಸ್ತಾಪಿಸಿದ್ದವು. ಪುಟ ಅಚ್ಚುಕಟ್ಟಾಗಿದ್ದರೆ ವ್ಯವಹಾರವೂ ಅಚ್ಚುಕಟ್ಟು ಎಂದು ಓದುಗರು ಊಹಿಸುತ್ತಾರೆ ಎಂದಾಯಿತು. ಒಳ್ಳೆಯ ವಿನ್ಯಾಸಕ್ಕೆ ಹಣವೂ ಶ್ರಮವೂ ಬೇಕಿದ್ದ ಆ ಕಾಲದಲ್ಲಿ ಈ ಊಹೆಗೆ ಸ್ವಲ್ಪ ಆಧಾರವಿತ್ತು. ಇಂದು ಸಿದ್ಧ ಮಾದರಿಗಳಿಂದ ಸುಂದರ ತಾಣವನ್ನು ಒಂದೇ ದಿನದಲ್ಲಿ ಕಟ್ಟಬಹುದು, ಬೇರೆಯವರ ತಾಣವನ್ನು ಹಾಗೆಯೇ ನಕಲು ಮಾಡಬಹುದು. ಸ್ಪೆನ್ಸ್ ಅವರ ಅಳತೆಯಲ್ಲಿ ವಿನ್ಯಾಸವೀಗ ಅಗ್ಗದ ಗುರುತು.

ಬೀಗದ ಚಿಹ್ನೆಯ ಕಥೆಯೂ ಇದೇ. ವಿಳಾಸಪಟ್ಟಿಯಲ್ಲಿ ಬೀಗ ಕಂಡರೆ ತಾಣ ಸುರಕ್ಷಿತ ಎಂದು ಬಹಳ ವರ್ಷ ಬ್ಯಾಂಕುಗಳು, ಪತ್ರಿಕೆಗಳು ಜನರಿಗೆ ಹೇಳಿಕೊಟ್ಟವು. ಬೀಗ ಹೇಳುವುದು ಒಂದೇ ಸಂಗತಿ: ನಿಮ್ಮ ಬ್ರೌಸರ್‌ಗೂ ಆ ತಾಣಕ್ಕೂ ನಡುವೆ ಹೋಗುವ ಮಾಹಿತಿಯನ್ನು ಮೂರನೆಯವರು ಓದಲಾರರು. ತಾಣದ ಮಾಲೀಕರು ಸಾಚಾ ಎಂದು ಅದು ಹೇಳುವುದಿಲ್ಲ. ಬೀಗ ಕಾಣಿಸಲು ತಾಣಕ್ಕೆ ಬೇಕಾದ ಪ್ರಮಾಣಪತ್ರಗಳು ಉಚಿತವಾಗಿ ಸಿಗತೊಡಗಿದ ಮೇಲೆ ವಂಚಕರ ತಾಣಗಳಲ್ಲೂ ಬೀಗ ಕಾಣಿಸಿಕೊಂಡಿತು. ಗೂಗಲ್ ಕ್ರೋಮ್ 2023ರಲ್ಲಿ ಬೀಗದ ಚಿತ್ರವನ್ನೇ ತೆಗೆದು ಬೇರೆ ಚಿಹ್ನೆ ಇಟ್ಟಿತು.

ಸಂಸ್ಥೆಯ ಅಧಿಕೃತ ಹೆಸರನ್ನೇ ಬ್ರೌಸರ್‌ನಲ್ಲಿ ಹಸಿರು ಅಕ್ಷರದಲ್ಲಿ ತೋರಿಸುವ ಹೆಚ್ಚಿನ ದರ್ಜೆಯ ಪ್ರಮಾಣಪತ್ರವೂ ಒಂದಿತ್ತು. 2017ರಲ್ಲಿ ಭದ್ರತಾ ಸಂಶೋಧಕ ಇಯಾನ್ ಕ್ಯಾರಲ್ ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಸ್ಟ್ರೈಪ್ ಎಂಬ ಹೆಸರಿನ ಕಂಪನಿಯನ್ನು ಕಾನೂನುಬದ್ಧವಾಗಿಯೇ ನೋಂದಾಯಿಸಿ, ಆ ಹೆಸರಿಗೆ ಇಂಥ ಪ್ರಮಾಣಪತ್ರ ಪಡೆದರು. ಪ್ರಸಿದ್ಧ ಪಾವತಿ ಸಂಸ್ಥೆ ಸ್ಟ್ರೈಪ್‌ಗೂ ಆ ಕಂಪನಿಗೂ ಯಾವ ಸಂಬಂಧವೂ ಇರಲಿಲ್ಲ. ಗುರುತು ಸುಳ್ಳಾಗಿರಲಿಲ್ಲ, ಆದರೆ ಅದನ್ನು ನೋಡಿದವರು ತಪ್ಪು ತಿಳಿಯುವುದು ಖಚಿತವಾಗಿತ್ತು. 2019ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ ಆ ಹೆಸರನ್ನು ವಿಳಾಸಪಟ್ಟಿಯಿಂದ ತೆಗೆದವು.

ಇನ್ನೂ ಗಂಭೀರವಾದ ನಿದರ್ಶನ ಖಾಸಗಿ ವಿಶ್ವಾಸ ಮುದ್ರೆಗಳದು. ಟ್ರಸ್ಟ್‌ಇ ಎಂಬ ಸಂಸ್ಥೆ ಗೌಪ್ಯತೆಯ ನಿಯಮ ಪಾಲಿಸುವ ತಾಣಗಳಿಗೆ ತನ್ನ ಮುದ್ರೆ ಕೊಡುತ್ತಿತ್ತು. ಬೆಂಜಮಿನ್ ಎಡಲ್‌ಮನ್ ನಡೆಸಿದ ಅಧ್ಯಯನದಲ್ಲಿ ಆ ಮುದ್ರೆ ಹೊತ್ತ ತಾಣಗಳು ಮುದ್ರೆಯಿಲ್ಲದ ತಾಣಗಳಿಗಿಂತ ನಂಬಿಕೆಗೆ ಅನರ್ಹವಾಗಿರುವ ಸಂಭವ ಇಮ್ಮಡಿಗೂ ಹೆಚ್ಚು ಎಂದು ಕಂಡುಬಂತು. ಕಾರಣ ಸರಳ. ಹೆಸರು ಗಳಿಸಿದವರಿಗೆ ಮುದ್ರೆ ಬೇಕಿರಲಿಲ್ಲ, ಹೆಸರು ಕೆಟ್ಟವರಿಗೆ ಬೇಕಿತ್ತು, ಕೊಡುವವರು ಬಿಗಿಯಾಗಿ ಪರೀಕ್ಷಿಸುತ್ತಿರಲಿಲ್ಲ. 2014ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 2006ರಿಂದ 2013ರವರೆಗೆ ಸಾವಿರಕ್ಕೂ ಹೆಚ್ಚು ಸಂದರ್ಭಗಳಲ್ಲಿ ಈ ಸಂಸ್ಥೆ ವಾರ್ಷಿಕ ಮರುಪರಿಶೀಲನೆ ನಡೆಸಲಿಲ್ಲ ಎಂದು ಆರೋಪಿಸಿತು. ಸಂಸ್ಥೆ 2 ಲಕ್ಷ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡಿತು. ನಮ್ಮ ತಾಣಗಳಲ್ಲಿ 'ನೂರಕ್ಕೆ ನೂರು ಸುರಕ್ಷಿತ', 'ವಿಶ್ವಾಸಾರ್ಹ ಮಾರಾಟಗಾರ' ಎಂಬ ಗುಂಡನೆಯ ಚಿತ್ರಗಳನ್ನು ಅಂಟಿಸುವವರು ಇದನ್ನು ನೆನಪಿಡಬೇಕು. ಒತ್ತಿದರೆ ಎಲ್ಲಿಗೂ ಹೋಗದ ಮುದ್ರೆ ಬರಿಯ ಅಲಂಕಾರ.

3. ಕಾನೂನು ಒದಗಿಸಿರುವ ಒರೆಗಲ್ಲು

ವ್ಯಾಪಾರಿ ಏನನ್ನು ಬಹಿರಂಗಪಡಿಸಬೇಕು ಎಂಬುದನ್ನು ಭಾರತದ ಕಾನೂನು ಹಲವು ಕಡೆ ಹೇಳಿದೆ. 2014ರ ಕಂಪನಿ ನೋಂದಣಿ ನಿಯಮಗಳ 26ನೇ ನಿಯಮದಂತೆ ಜಾಲತಾಣವಿರುವ ಕಂಪನಿ ತನ್ನ ಮುಖಪುಟದಲ್ಲಿಯೇ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿ ಗುರುತಿನ ಸಂಖ್ಯೆ, ದೂರವಾಣಿ, ಇಮೇಲ್ ಹಾಗೂ ವಿಚಾರಣೆ, ದೂರುಗಳಿಗೆ ಸಂಪರ್ಕಿಸಬೇಕಾದವರ ಹೆಸರನ್ನು ಪ್ರಕಟಿಸಬೇಕು. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳು ಇನ್ನೂ ಮುಂದೆ ಹೋಗುತ್ತವೆ. ಕುಂದುಕೊರತೆ ಅಧಿಕಾರಿಯೊಬ್ಬರನ್ನು ನೇಮಿಸಿ ಅವರ ಹೆಸರು, ಹುದ್ದೆ, ಸಂಪರ್ಕ ವಿವರಗಳನ್ನು ತಾಣದಲ್ಲಿ ಹಾಕಬೇಕು. ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಲವು ಮಾರಾಟಗಾರರಿಗೆ ವೇದಿಕೆ ಒದಗಿಸುವ ತಾಣಗಳು ಪ್ರತಿ ಮಾರಾಟಗಾರರ ಹೆಸರು, ವಿಳಾಸ, ಗ್ರಾಹಕ ಸೇವಾ ಸಂಖ್ಯೆಗಳನ್ನು ತೋರಿಸಬೇಕು.

ಇಲ್ಲಿ ಗಮನಿಸಬೇಕಾದದ್ದು ಈ ಸಂಖ್ಯೆಗಳ ಒಳರಚನೆ. ಕಂಪನಿ ಗುರುತಿನ ಸಂಖ್ಯೆಯಲ್ಲಿ 21 ಅಕ್ಷರ-ಅಂಕಿಗಳಿವೆ. ಷೇರುಪೇಟೆಯಲ್ಲಿ ಪಟ್ಟಿಯಾಗಿದೆಯೇ ಇಲ್ಲವೇ, ಯಾವ ಉದ್ಯಮ, ಯಾವ ರಾಜ್ಯ, ಯಾವ ವರ್ಷದ ನೋಂದಣಿ ಎಂಬುದೆಲ್ಲ ಅದರಲ್ಲೇ ಓದಬಹುದು. 'ಮೂರು ತಲೆಮಾರಿನ ಸೇವೆ' ಎಂದು ಬರೆದುಕೊಂಡ ಕಂಪನಿಯ ಸಂಖ್ಯೆಯಲ್ಲಿ ನೋಂದಣಿ ವರ್ಷ 2022 ಎಂದಿದ್ದರೆ ವಿವರಣೆ ಕೇಳಬೇಕಾಗುತ್ತದೆ. ಹಳೆಯ ಕುಟುಂಬ ವ್ಯಾಪಾರ ಈಚೆಗೆ ಕಂಪನಿಯಾಗಿರಬಹುದು, ಆ ಮಾತನ್ನೂ ಬರೆದರೆ ಸಂಶಯ ಉಳಿಯುವುದಿಲ್ಲ. ಜಿಎಸ್‌ಟಿ ಸಂಖ್ಯೆ 15 ಅಕ್ಷರಗಳದು. ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ವ್ಯಾಪಾರಿಯ ಪ್ಯಾನ್. ಕೊನೆಯದು ತಾಳೆಯ ಅಕ್ಷರ, ಹಿಂದಿನ ಹದಿನಾಲ್ಕರಿಂದ ಲೆಕ್ಕ ಹಾಕಿ ಬರುವಂಥದು. ಆದ್ದರಿಂದ ಮನಸ್ಸಿಗೆ ಬಂದಂತೆ ಬರೆದ ಸಂಖ್ಯೆ ಸಾಮಾನ್ಯವಾಗಿ ಅಲ್ಲಿಯೇ ಸಿಕ್ಕಿಬೀಳುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಈ ಸಂಖ್ಯೆ ಹಾಕಿದರೆ ವ್ಯಾಪಾರಿಯ ಅಧಿಕೃತ ಹೆಸರು, ವ್ಯಾಪಾರದ ಹೆಸರು, ನೋಂದಣಿ ದಿನಾಂಕ, ಅದು ಚಾಲ್ತಿಯಲ್ಲಿದೆಯೇ ರದ್ದಾಗಿದೆಯೇ ಎಂಬುದು ಕಾಣುತ್ತದೆ.

ತಿನ್ನುವ ಪದಾರ್ಥ ಮಾರುವವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆಯಿದೆ, ಅದನ್ನೂ ಪ್ರಾಧಿಕಾರದ ತಾಣದಲ್ಲಿ ನೋಡಬಹುದು. ಚಿನ್ನದ ಆಭರಣದ ವ್ಯವಸ್ಥೆ ಇವೆಲ್ಲಕ್ಕಿಂತ ಮುಂದಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಕಡ್ಡಾಯವಿರುವ ಆಭರಣಗಳ ಮೇಲೆ ಆರು ಅಕ್ಷರ-ಅಂಕಿಗಳ ವಿಶಿಷ್ಟ ಸಂಖ್ಯೆ ಇರಲೇಬೇಕು. ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಆ ಆಭರಣದ ಪರಿಶುದ್ಧತೆ, ಹಾಲ್‌ಮಾರ್ಕ್ ಮಾಡಿದ ಕೇಂದ್ರ, ಮಾಡಿಸಿದ ವ್ಯಾಪಾರಿಯ ನೋಂದಣಿ ವಿವರ ಬರುತ್ತವೆ. ಪರೀಕ್ಷೆ ವ್ಯಾಪಾರಿಯ ಮಟ್ಟದಲ್ಲಿ ನಿಲ್ಲದೆ ಒಂದೊಂದು ಒಡವೆಯವರೆಗೂ ಇಳಿದಿದೆ ಎಂಬುದೇ ಇದರ ಹೆಚ್ಚುಗಾರಿಕೆ.

4. ರೇಷ್ಮೆ ಸೀರೆಯ ನಿದರ್ಶನ

ಕರ್ನಾಟಕದಲ್ಲಿ ಈ ವಿಚಾರ ತುಂಬ ಹತ್ತಿರದಿಂದ ತಟ್ಟುವುದು ರೇಷ್ಮೆ ಸೀರೆಯಲ್ಲಿ. ಪರದೆಯ ಮೇಲಿನ ಚಿತ್ರದಲ್ಲಿ ಅಪ್ಪಟ ರೇಷ್ಮೆಗೂ ಹೊಳಪಿನ ಪಾಲಿಯೆಸ್ಟರಿಗೂ ವ್ಯತ್ಯಾಸ ಕಾಣುವುದಿಲ್ಲ. ಅಂಗಡಿಯಲ್ಲಿ ಬಟ್ಟೆಯನ್ನು ಬೆರಳಲ್ಲಿ ಹಿಡಿದು ನೋಡುವ, ಎಳೆಯೊಂದನ್ನು ಸುಟ್ಟು ವಾಸನೆ ನೋಡುವ ಅನುಕೂಲ ಇಲ್ಲಿಲ್ಲ. ಅಕರ್ಲಾಫ್ ಹೇಳಿದ ಮಾರುಕಟ್ಟೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗಲಾರದು. ನಷ್ಟವಾಗುವುದು ಮೋಸಹೋದ ಗ್ರಾಹಕರಿಗೆ ಮಾತ್ರವಲ್ಲ, ಸರಿಯಾದ ನೂಲು ಹಾಕಿ ನೇಯುವ ನೇಕಾರರಿಗೂ.

ಇಲ್ಲಿ ಮೂರು ಬೇರೆ ಬೇರೆ ಗುರುತುಗಳಿವೆ, ಒಂದನ್ನು ಇನ್ನೊಂದೆಂದು ತಿಳಿಯುವುದೇ ಗೊಂದಲಕ್ಕೆ ಮೂಲ. ಮೊದಲನೆಯದು ಸಿಲ್ಕ್ ಮಾರ್ಕ್. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಆರಂಭವಾದ ಈ ಚೀಟಿ ಹೇಳುವುದು ಬಟ್ಟೆ ಶುದ್ಧ ರೇಷ್ಮೆಯದು ಎಂದಷ್ಟೆ. ಎಲ್ಲಿ ನೇಯ್ದದ್ದು, ಕೈಮಗ್ಗವೋ ವಿದ್ಯುತ್ ಮಗ್ಗವೋ ಎಂಬುದನ್ನು ಅದು ಹೇಳುವುದಿಲ್ಲ. ಎರಡನೆಯದು ಭೌಗೋಳಿಕ ಸೂಚಿಕೆ, ಅಂದರೆ ಜಿಐ ನೋಂದಣಿ. ಅದು ಹೆಸರಿಗೂ ಊರಿಗೂ ಇರುವ ಸಂಬಂಧವನ್ನು ಕಾಯುತ್ತದೆ. ಮೈಸೂರು ರೇಷ್ಮೆ, ಇಳಕಲ್ ಸೀರೆ ಎರಡಕ್ಕೂ ಈ ನೋಂದಣಿಯಿದೆ. ಮೂರನೆಯದು ತಯಾರಕರದೇ ಗುರುತು. ಮೈಸೂರಿನಲ್ಲಿ 1912ರಲ್ಲಿ ಆರಂಭವಾದ ರೇಷ್ಮೆ ನೇಯ್ಗೆ ಕಾರ್ಖಾನೆಯನ್ನು ನಡೆಸುತ್ತಿರುವ ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಸೀರೆಗೆ ಸಂಕೇತ ಸಂಖ್ಯೆ ಮತ್ತು ಹೊಲೊಗ್ರಾಮ್ ಹಾಕುತ್ತದೆ.

ಆ ನಿಗಮ ತನ್ನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇದೆ ಎಂದು ಹೇಳಿಕೊಳ್ಳುತ್ತದೆ. ಸಂಶೋಧಕರ ಕಣ್ಣಿಗೆ ಇದು ಬಹಳ ಮುಖ್ಯವಾದ ವಾಕ್ಯ. 'ಉತ್ತಮ ಜರಿ' ಎಂಬ ಮಾತನ್ನು ಯಾರೂ ಸುಳ್ಳೆಂದು ಸಾಧಿಸಲಾರರು. ಶೇಕಡಾವಾರು ಹೇಳಿದರೆ ಯಾವ ಪ್ರಯೋಗಾಲಯವೂ ತೂಗಿ ನೋಡಬಹುದು. ಇಷ್ಟು ನಿಖರವಾಗಿ ಹೇಳುವವರು ಸೋಲುವ ಅಪಾಯವನ್ನು ತಾವಾಗಿ ಮೈಮೇಲೆ ಹಾಕಿಕೊಂಡಿರುತ್ತಾರೆ. ಅವರ ಮಾತಿಗೆ ತೂಕ ಬರುವುದು ಅದರಿಂದಲೇ.

ಇಳಕಲ್ ಸೀರೆ ಮಾರುವ ಸಣ್ಣ ತಾಣವೂ ಇದನ್ನು ಮಾಡಬಹುದು. ಒಡಲು ಹತ್ತಿಯದೋ, ರೇಷ್ಮೆಯದೋ, ಕೃತಕ ರೇಷ್ಮೆಯದೋ. ಸೆರಗನ್ನು ಒಡಲಿಗೆ ಕೊಂಡಿ ಹಾಕಿ ಕೂಡಿಸಿದ್ದೋ ಅಲ್ಲವೋ. ಕೈಮಗ್ಗವೋ ವಿದ್ಯುತ್ ಮಗ್ಗವೋ. ಉದ್ದ ಎಷ್ಟು, ರವಿಕೆಯ ಬಟ್ಟೆ ಸೇರಿದೆಯೇ ಎಂದು ಪ್ರತಿ ಸೀರೆಯ ಕೆಳಗೆ ಬರೆದರೆ ಸಾಕು. ಕೃತಕ ರೇಷ್ಮೆಯ ಸೀರೆಯನ್ನು ಕೃತಕ ರೇಷ್ಮೆ ಎಂದೇ ಬರೆದು ಮಾರುವವರು, ಪಕ್ಕದಲ್ಲಿ ಶುದ್ಧ ರೇಷ್ಮೆ ಎಂದು ಬರೆದದ್ದನ್ನು ನಂಬಲು ಗ್ರಾಹಕರಿಗೆ ಕಾರಣ ಕೊಡುತ್ತಾರೆ. ಸಿಲ್ಕ್ ಮಾರ್ಕಿನ ಚಿತ್ರವನ್ನು ಪುಟದ ತಲೆಯ ಮೇಲೆ ಹಾಕುವುದಕ್ಕಿಂತ ಆಯಾ ಸೀರೆಗೆ ಕಟ್ಟಿದ ಚೀಟಿಯ ಚಿತ್ರವನ್ನು ಆಯಾ ಸೀರೆಯ ಪುಟದಲ್ಲಿ ತೋರಿಸುವುದು ಮೇಲು.

5. ಮಾತಿಗೆ ಕಟ್ಟುಬೀಳುವುದು

ಗುರುತಿನ ಸಂಖ್ಯೆ ವ್ಯಾಪಾರಿ ಯಾರೆಂದು ಹೇಳುತ್ತದೆ. ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅವರು ಒಪ್ಪಿಕೊಳ್ಳುವ ಷರತ್ತುಗಳಿಂದ ತಿಳಿಯಬೇಕು. 'ಸುಲಭವಾಗಿ ಹಿಂದಿರುಗಿಸಬಹುದು' ಎಂಬ ಘೋಷಣೆಗೆ ಅರ್ಥವಿಲ್ಲ. ಎಷ್ಟು ದಿನದೊಳಗೆ, ಯಾವ ಸ್ಥಿತಿಯಲ್ಲಿ, ಕೊರಿಯರ್ ವೆಚ್ಚ ಯಾರದು, ಹಣ ಬಂದ ದಾರಿಯಲ್ಲೇ ವಾಪಸಾಗುತ್ತದೆಯೇ ಅಥವಾ ಕೂಪನ್ನಾಗಿಯೇ, ಎಷ್ಟು ದಿನಕ್ಕೆ ಎಂಬ ಐದು ಪ್ರಶ್ನೆಗಳಿಗೆ ಉತ್ತರವಿದ್ದರೆ ಅದು ಷರತ್ತು.

ಗ್ರಾಹಕರ ಅಭಿಪ್ರಾಯಗಳ ವಿಷಯ ಇನ್ನೂ ಸೂಕ್ಷ್ಮ. ಮಾರಾಟಗಾರರು ತಾವೇ ಗ್ರಾಹಕರಂತೆ ನಟಿಸಿ ಅಭಿಪ್ರಾಯ ಬರೆಯುವುದನ್ನು 2020ರ ನಿಯಮಗಳು ನಿಷೇಧಿಸಿವೆ. 2022ರ ನವೆಂಬರ್‌ನಲ್ಲಿ ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ಅಭಿಪ್ರಾಯಗಳ ಸಂಗ್ರಹ, ಪರಿಶೀಲನೆ, ಪ್ರಕಟಣೆಗಾಗಿ ಐಎಸ್ 19000 ಎಂಬ ಮಾನಕವನ್ನು ತಂದಿತು. ಅದು ಸ್ವಯಂಪ್ರೇರಿತ ಪಾಲನೆಗೆ ಬಿಟ್ಟ ಮಾನಕವಾಗಿಯೇ ಬಂತು. ನನ್ನ ತಿಳಿವಳಿಕೆಯಲ್ಲಿ ಅಭಿಪ್ರಾಯಗಳ ಸಾಚಾತನಕ್ಕೆ ಒಳ್ಳೆಯ ಸಾಕ್ಷಿ ನಕ್ಷತ್ರಗಳ ಸರಾಸರಿ ಅಲ್ಲ. ಕಟುವಾದ ದೂರುಗಳು ಅಳಿಸದೆ ಉಳಿದಿರುವುದು, ಅವುಗಳ ಕೆಳಗೆ ವ್ಯಾಪಾರಿ ದಿನಾಂಕ ಸಹಿತ ಕೊಟ್ಟ ಉತ್ತರ ಇರುವುದು ಅದಕ್ಕಿಂತ ಹೆಚ್ಚು ಹೇಳುತ್ತವೆ.

ನಂಬಿಕೆಯನ್ನು ಕೆಡಿಸುವ ತಂತ್ರಗಳ ಪಟ್ಟಿಯೂ ಈಗ ಕಾನೂನಿನ ಮಟ್ಟದಲ್ಲಿದೆ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಡಾರ್ಕ್ ಪ್ಯಾಟರ್ನ್ ಎನ್ನಲಾಗುವ 13 ಬಗೆಯ ವಂಚಕ ವಿನ್ಯಾಸಗಳನ್ನು ಗುರುತಿಸಿ ಮಾರ್ಗಸೂಚಿ ಹೊರಡಿಸಿತು. 'ಇನ್ನು ಎರಡೇ ಉಳಿದಿವೆ' ಎಂಬ ಸುಳ್ಳು ಅವಸರ, ಕೇಳದೆ ಬುಟ್ಟಿಗೆ ಸೇರಿಸುವ ಸರಕು, ಕೊನೆಯ ಹೆಜ್ಜೆಯಲ್ಲಿ ಏರುವ ಬೆಲೆ, ಸೇರಲು ಸುಲಭ ಬಿಡಲು ಕಷ್ಟವಾದ ಚಂದಾ ಇವೆಲ್ಲ ಅದರಲ್ಲಿವೆ. ಮೊದಲ ಪುಟದಲ್ಲೇ ತೆರಿಗೆ, ಸಾಗಣೆ ವೆಚ್ಚ ಸೇರಿದ ಪೂರ್ತಿ ಬೆಲೆ ತೋರಿಸುವುದು ಇವುಗಳಲ್ಲಿ ಏರುವ ಬೆಲೆಯ ತಂತ್ರಕ್ಕೆ ನೇರವಾದ ಉತ್ತರ.

ಭಾಷೆಯೂ ಇಲ್ಲಿ ಸೇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಗ್ರಾಹಕರಿಗಿರಬೇಕು. ಕನ್ನಡ ಆ ಅನುಸೂಚಿಯಲ್ಲಿದೆ. ಜಾಹೀರಾತನ್ನು ಕನ್ನಡದಲ್ಲಿ ಕೊಟ್ಟು ಷರತ್ತುಗಳನ್ನು ಇಂಗ್ಲಿಷಿನಲ್ಲಿ ಮಾತ್ರ ಇಡುವ ತಾಣ, ಕೊಳ್ಳಲು ಕನ್ನಡಿಗರನ್ನು ಕರೆದು ಪ್ರಶ್ನಿಸುವ ದಾರಿಯನ್ನು ಅವರಿಗೆ ಮುಚ್ಚಿದಂತಾಗುತ್ತದೆ.

6. ಮಿತಿಗಳು

ಈ ವಾದಕ್ಕೆ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಮೊದಲನೆಯದು, ಸಂಖ್ಯೆಯನ್ನೂ ಕದಿಯಬಹುದು. ಬೇರೊಬ್ಬರ ಚಾಲ್ತಿಯಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ವಂಚಕರು ತಮ್ಮ ಪುಟದಲ್ಲಿ ಹಾಕಿಕೊಂಡರೆ ಪೋರ್ಟಲ್ ಅದನ್ನು ಸರಿಯೆಂದೇ ತೋರಿಸುತ್ತದೆ. ಆದ್ದರಿಂದ ಸಂಖ್ಯೆ ಸರಿಯಿದ್ದರಷ್ಟೇ ಸಾಲದು, ಹೊಂದಾಣಿಕೆಯನ್ನೂ ನೋಡಬೇಕು. ತಾಣದಲ್ಲಿರುವ ಹೆಸರು, ನೋಂದಣಿಯಲ್ಲಿರುವ ಹೆಸರು, ಬಿಲ್ಲಿನಲ್ಲಿರುವ ಹೆಸರು ಮತ್ತು ಯುಪಿಐ ಪಾವತಿಯ ಹೊತ್ತಿಗೆ ಕಾಣುವ ಖಾತೆದಾರರ ಹೆಸರು ಒಂದಕ್ಕೊಂದು ಕೂಡಿಬರಬೇಕು. ವ್ಯಾಪಾರದ ಹೆಸರು ಒಂದು, ಖಾತೆಯ ಹೆಸರು ಇನ್ನೊಂದು ಆಗಿದ್ದರೆ ಕಾರಣವನ್ನು ವ್ಯಾಪಾರಿ ಮೊದಲೇ ಬರೆದಿಡಬೇಕು. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಈ ತೊಡಕನ್ನು ಬುಡದಲ್ಲೇ ಬಿಡಿಸಲು ಹೊರಟಿದೆ. ಬ್ಯಾಂಕುಗಳಿಗೆ ಮಾತ್ರ ಸಿಗುವ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ 2025ರ ಅಕ್ಟೋಬರ್ 31ರೊಳಗೆ ಬದಲಾಗುವಂತೆ ಅದು ಸೂಚಿಸಿತು. ಅಲ್ಲಿ ವಿಳಾಸವೇ ಗುರುತು, ಬೇರೆ ಮುದ್ರೆಯ ಅಗತ್ಯವಿಲ್ಲ.

ಎರಡನೆಯ ಆಕ್ಷೇಪ ಸಣ್ಣವರ ಪರವಾದದ್ದು. ಮನೆಯಲ್ಲಿ ಹಪ್ಪಳ, ಚಟ್ನಿಪುಡಿ ಮಾಡಿ ಮಾರುವ ಮಹಿಳೆಗೆ ಕಂಪನಿ ಸಂಖ್ಯೆ ಇರುವುದಿಲ್ಲ, ವಹಿವಾಟು ಮಿತಿಯೊಳಗಿದ್ದರೆ ಜಿಎಸ್‌ಟಿ ಸಂಖ್ಯೆಯೂ ಕಾನೂನಿನಂತೆ ಬೇಕಿಲ್ಲದಿರಬಹುದು. ಸಂಖ್ಯೆ ಇಲ್ಲ ಎಂಬುದನ್ನೇ ಮೋಸದ ಲಕ್ಷಣವೆಂದು ಹಿಡಿದರೆ ಅನ್ಯಾಯವಾಗುತ್ತದೆ. ಆಹಾರ ಮಾರುವ ಸಣ್ಣವರಿಗೂ ಆಹಾರ ಪ್ರಾಧಿಕಾರದ ನೋಂದಣಿ ಉಂಟು. ಉದ್ಯಮ್ ನೋಂದಣಿ ಸಣ್ಣ ಉದ್ದಿಮೆಗಳಿಗೆ 2020ರ ಜುಲೈನಿಂದ ಉಚಿತವಾಗಿ ಸಿಗುತ್ತಿದೆ. ಅದು ಸ್ವಯಂ ಘೋಷಣೆಯ ಮೇಲೆ ನಿಂತದ್ದಾದ್ದರಿಂದ ಉದ್ದಿಮೆ ಇದೆ ಎಂಬುದಕ್ಕೆ ಸಾಕ್ಷಿಯೇ ಹೊರತು ಗುಣಕ್ಕಲ್ಲ. ಉಳಿದಂತೆ ನಿಜವಾದ ವಿಳಾಸ, ಎತ್ತಿ ಮಾತಾಡುವ ಫೋನು, ಮಾಡುವವರ ಹೆಸರು, ತಯಾರಾದ ದಿನಾಂಕ, ಹಾಕಿದ ಪದಾರ್ಥಗಳ ಪಟ್ಟಿ ಇಷ್ಟಿದ್ದರೆ ಸಣ್ಣವರೂ ಪರೀಕ್ಷೆಗೆ ನಿಲ್ಲಬಲ್ಲರು.

7. ನಿರ್ಣಯ

ಮೇಲಿನ ಪರಿಶೀಲನೆಯಿಂದ ಮೂರು ಮಾತು ಸಿದ್ಧವಾಗುತ್ತವೆ. ಒಂದು: ವಿನ್ಯಾಸ, ಬೀಗದ ಚಿಹ್ನೆ, ಪರಿಶೀಲಿಸಲಾಗದ ಮುದ್ರೆಗಳು ಸಾಚಾ ವ್ಯಾಪಾರಿಗೂ ವಂಚಕರಿಗೂ ಒಂದೇ ಬೆಲೆಗೆ ಸಿಗುತ್ತವೆ, ಆದ್ದರಿಂದ ಅವು ಪುರಾವೆಗಳಲ್ಲ. ಎರಡು: ಹೊರಗಿನ ದಾಖಲೆಯೊಂದಿಗೆ ಹೊಂದುವ ಸಂಖ್ಯೆ, ಅಳೆಯಬಹುದಾದ ವಿವರಣೆ, ದಿನ ಮತ್ತು ಹಣದ ಲೆಕ್ಕದಲ್ಲಿ ಹೇಳಿದ ಷರತ್ತು ಈ ಮೂರೂ ಸುಳ್ಳಾಡುವವರಿಗೆ ದುಬಾರಿ, ಆದ್ದರಿಂದ ಪುರಾವೆಗಳು. ಮೂರು: ಇವನ್ನು ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಹುದುಗಿಸಿದರೆ ಕಾನೂನಿನ ಅಕ್ಷರ ಪಾಲನೆಯಾದೀತು, ನಂಬಿಕೆ ಹುಟ್ಟದು.

ಕನ್ನಡನಾಡಿನ ವ್ಯಾಪಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ. ನಿಮ್ಮ ತಾಣದ ಮುಖಪುಟದಲ್ಲಿ ನಿಮ್ಮ ಅಧಿಕೃತ ಹೆಸರು, ವಿಳಾಸ, ನೋಂದಣಿ ಸಂಖ್ಯೆಗಳು, ದೂರು ಕೇಳುವವರ ಹೆಸರು ಮತ್ತು ಫೋನು ಇವನ್ನು ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಹಾಕಿ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದನ್ನು ಎಲ್ಲಿ ಪರೀಕ್ಷಿಸಬೇಕು ಎಂದೂ ಬರೆಯಿರಿ. ಗ್ರಾಹಕರಿಗೆ ಹೇಳುವುದೂ ಒಂದಿದೆ: ಹಣ ಕಳಿಸುವ ಮೊದಲು ಆ ಸಂಖ್ಯೆಗಳಲ್ಲಿ ಒಂದನ್ನಾದರೂ ಪರೀಕ್ಷಿಸಿ. ವ್ಯಾಪಾರಿ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಹಣವೇ ವಂಚಕರ ಪಾಲಾದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.